ಬಂದದ್ದಲ್ಲ, ಕೊಟ್ಟದ್ದು

ಮೊನ್ನೆ ಆಗಸ್ಟ್ 8ರ ಬೆಳಿಗ್ಗೆ ಬೆಲ್ಜಿಯಂನ ಮಾರ್ಸಿನೆಲ್‌ನಲ್ಲಿ, ಬ್ವಾ ದು ಕಾಜಿಯೇ ಕಲ್ಲಿದ್ದಲು ಗಣಿಯ ಅಂಗಳದಲ್ಲಿ 262 ಸಲ ಗಂಟೆ ಬಾರಿಸುತ್ತಿದ್ದಾಗ, ಅತ್ತೆಯವರು ಪರ್ಸಿನಿಂದ ಹಿತ್ತಾಳೆಯ ಬಿಲ್ಲೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದು ಅವರ ತಂದೆಯದು. ಕೆಳಗಿಳಿದವರಲ್ಲಿ ಯಾರು ಇನ್ನೂ ಮೇಲೆ ಬಂದಿಲ್ಲವೆಂಬುದು ಗಣಿಯವರಿಗೆ ತಿಳಿಯುತ್ತಿದ್ದುದು ಇಂಥ ಬಿಲ್ಲೆಗಳಿಂದ. ಅದರ ಮೇಲಿನ ಅಂಕಿಗಳು ಎಷ್ಟು ಸವೆದಿದ್ದವೆಂದರೆ, ಕೊನೆಯದು 1 ಇರಬಹುದೋ 7 ಇರಬಹುದೋ ಹೇಳುವಂತಿರಲಿಲ್ಲ.

1956ರಲ್ಲಿ ಇಲ್ಲಿ ಬೆಂಕಿ ಬಿದ್ದು ಸತ್ತ 262 ಮಂದಿಯಲ್ಲಿ 136 ಜನ ಇಟಲಿಯವರು. ಅತ್ತೆಯ ತಂದೆ ಹತ್ತಿರದ ಇನ್ನೊಂದು ಗಣಿಯಲ್ಲಿದ್ದುದರಿಂದ ಅಂದು ಉಳಿದರು. ಶ್ವಾಸಕೋಶದಲ್ಲಿ ತುಂಬಿದ್ದ ದೂಳು ಅವರನ್ನು ಆಮೇಲೆ ತೆಗೆದುಕೊಂಡು ಹೋಯಿತು. ಇಟಲಿಯ ಅಬ್ರುಝ್ಜೋದ ಹೊಲ ಬಿಟ್ಟು ಅಷ್ಟು ದೂರ ಅವರೇಕೆ ಬಂದರೆಂದು, ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಕೇಳಿದ್ದು ಅಂದೇ ಮೊದಲು.

“ಬಂದದ್ದಲ್ಲ ಮಗಳೇ, ಕೊಟ್ಟದ್ದು,” ಎಂದರು ಅತ್ತೆ.

ಆ ಒಂದು ಮಾತು ವಾರವಿಡೀ ನನ್ನನ್ನು ಬಿಟ್ಟಿಲ್ಲ. 1946ರ ಜೂನ್ 23ರ ಒಪ್ಪಂದದಲ್ಲಿ ಇಟಲಿಯ ಸರ್ಕಾರ 50,000 ಕಾರ್ಮಿಕರನ್ನು ಕಳಿಸಲು ಒಪ್ಪಿತ್ತು, ಬೆಲ್ಜಿಯಂ ಕಲ್ಲಿದ್ದಲು ಕೊಡಲು ಒಪ್ಪಿತ್ತು. ಊರೂರಿನಲ್ಲಿ ಅಂಟಿಸಿದ ಗುಲಾಬಿ ಬಣ್ಣದ ಭಿತ್ತಿಪತ್ರಗಳಲ್ಲಿ ಸಂಬಳ, ರಜೆಗಳ ವಿವರವಿತ್ತು. ನೆಲದಡಿಯ ಕೆಲಸ ಎಂಥದೆಂಬುದು ಬಂದಿಳಿದ ಮೇಲಷ್ಟೇ ಅವರಿಗೆ ಗೊತ್ತಾಯಿತು. ಯುದ್ಧಕೈದಿಗಳನ್ನು ಇರಿಸಿದ್ದ ತಗಡಿನ ಶೆಡ್ಡುಗಳಲ್ಲೇ ಹಲವರಿಗೆ ಬಿಡಾರ. ಗಣಿಗೆ ಇಳಿಯಲಾರೆನೆಂದವರನ್ನು ಬ್ರಸೆಲ್ಸ್‌ನ ಪೆಟಿ ಶಾಟೋ ಎಂಬ ಸೇನಾ ಬ್ಯಾರಕ್ಕಿನಲ್ಲಿ ಕೂಡಿಹಾಕಿ, ಅಲ್ಲಿಂದ ರೈಲು ಹತ್ತಿಸಿ ಹಿಂದಕ್ಕೆ ಕಳಿಸುತ್ತಿದ್ದರು. ಅತ್ತೆ ಹುಟ್ಟಿದ್ದು ಅಂಥದೇ ಶೆಡ್ಡಿನಲ್ಲಿ. ಹಾಸಿಗೆಯ ಚಾದರವನ್ನು ಅಡ್ಡ ಕಟ್ಟಿ ಅವರ ತಾಯಿ ಒಂದು ಕೋಣೆಯನ್ನು ಎರಡು ಮಾಡಿಕೊಂಡಿದ್ದರಂತೆ.

ಅತ್ತೆಯ ತಮ್ಮ ಈ ಸ್ಮರಣೆಗೆ ಒಮ್ಮೆಯೂ ಬಂದವರಲ್ಲ. ಹಳೆಯದನ್ನು ಕೆದಕಿ ಏನು ಸಿಗುತ್ತದೆ ಎನ್ನುತ್ತಾರೆ. ಅವರದು ಕಲ್ಲುಮನಸ್ಸೆಂದು ನಾನು ಬಹಳ ದಿನ ತಿಳಿದಿದ್ದೆ. ತಂದೆಯ ಕೆಮ್ಮನ್ನು ಪಕ್ಕದ ಹಾಸಿಗೆಯಲ್ಲಿ ಮಲಗಿ ರಾತ್ರಿಯಿಡೀ ಕೇಳಿದ ಹುಡುಗ ಅವರೇ ಎಂಬುದು ಈಗ ತಿಳಿಯಿತು.

ನಾನು ಹುಬ್ಬಳ್ಳಿಯಿಂದ ಈ ದೇಶಕ್ಕೆ ಬಂದದ್ದು ನನ್ನ ಇಷ್ಟದಿಂದ. ಬೇಡವೆನಿಸಿದ ಕೆಲಸವನ್ನು ಒಮ್ಮೆ ಬಿಟ್ಟೂ ಇದ್ದೇನೆ, ಯಾರೂ ನನ್ನನ್ನು ಕೂಡಿಹಾಕಲಿಲ್ಲ. “ನಾವೂ ವಲಸೆ ಬಂದವರೇ” ಎಂದು ಅತ್ತೆಯ ಎದುರು ಎಷ್ಟು ಸಲ ಹೇಳಿದ್ದೆನೋ. ಒಮ್ಮೆಯೂ ಅವರು ತಿದ್ದಿರಲಿಲ್ಲ.

ಗಂಟೆ ನಿಂತ ಮೇಲೆ ಬಿಲ್ಲೆಯನ್ನು ಮರಳಿಸಿದೆ. ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಒಳಗಿಟ್ಟರು. ಸಂಜೆ ಚಪಾತಿ ಹಿಟ್ಟು ನಾದಲು ಕೂತಾಗಲೂ ನನ್ನ ಅಂಗೈಯಲ್ಲಿ ಹಿತ್ತಾಳೆಯ ವಾಸನೆಯಿತ್ತು.