ಬಳಸದೆ ಬಿಟ್ಟ ಅರ್ಧ ಟಿಕೆಟ್

ನನಗೆ ಬೇಕಿದ್ದದ್ದು ಹೋಗುವ ಟಿಕೆಟ್ ಮಾತ್ರ. ಆದರೆ ಅದೇ ದಿನದ, ಅದೇ ವಿಮಾನದ, ಅದೇ ದರ್ಜೆಯ ಹೋಗಿಬರುವ ಟಿಕೆಟ್ಟಿಗೆ ಒಮ್ಮುಖ ಟಿಕೆಟ್ಟಿಗಿಂತ ಕಡಿಮೆ ದರ ಕಂಡಾಗ, ನಾನೇ ಎಲ್ಲೋ ತಪ್ಪು ಒತ್ತಿರಬೇಕೆಂದುಕೊಂಡು ಮೊದಲಿನಿಂದ ಇನ್ನೊಮ್ಮೆ ಹುಡುಕಿದೆ. ದರ ಹಾಗೆಯೇ ಇತ್ತು. ಹೋಗಿಬರುವ ಟಿಕೆಟ್ಟನ್ನೇ ಕೊಂಡೆ, ಬರುವ ಭಾಗವನ್ನು ಬಿಟ್ಟೆ.

ಖಂಡಾಂತರ ಮಾರ್ಗಗಳಲ್ಲಿ ಹಳೆಯ ದೊಡ್ಡ ವಿಮಾನ ಸಂಸ್ಥೆಗಳು ದೂರಕ್ಕಿಂತ ಹೆಚ್ಚಾಗಿ ಪ್ರಯಾಣಿಕನ ಜೇಬನ್ನು ಅಂದಾಜು ಮಾಡಿ ದರ ಕಟ್ಟುತ್ತವೆ. ಹಿಂದಿರುಗುವ ದಿನ ನಿಶ್ಚಯವಿಲ್ಲದವನು ಬಹುಶಃ ಕಂಪನಿಯ ಖರ್ಚಿನಲ್ಲಿ ಹೊರಟವನು, ಅವನು ಎಷ್ಟಾದರೂ ಕೊಡುತ್ತಾನೆ ಎಂಬುದು ಅವರ ಎಣಿಕೆ. ಶನಿವಾರ ರಾತ್ರಿ ಹೋದ ಊರಿನಲ್ಲೇ ತಂಗಿದರೆ ಮಾತ್ರ ಅಗ್ಗದ ದರ ಎಂಬ ಹಳೆಯ ಷರತ್ತೂ ಇದೇ ಲೆಕ್ಕದಿಂದ ಹುಟ್ಟಿದ್ದು: ಕಂಪನಿಯ ಕೆಲಸಕ್ಕೆ ಹೋದವನು ವಾರಾಂತ್ಯಕ್ಕೆ ಮನೆಗೆ ಮರಳಲು ಬಯಸುತ್ತಾನೆ. ಪ್ರತಿ ಹಾರಾಟವನ್ನೂ ಬಿಡಿಯಾಗಿ ಮಾರುವ ಅಗ್ಗದ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಈ ಉಪಾಯದ ಅಗತ್ಯವೇ ಬೀಳದು.

ಬಿಡುವುದಾದರೆ ಕೊನೆಯ ಭಾಗವನ್ನೇ ಬಿಡಬೇಕು. ಮೊದಲ ಹಾರಾಟಕ್ಕೆ ಹಾಜರಾಗದಿದ್ದರೆ ಸಾಮಾನ್ಯವಾಗಿ ಮುಂದಿನದೆಲ್ಲವೂ ತಾನಾಗಿಯೇ ರದ್ದಾಗುತ್ತದೆ.

ಕಾನೂನಿನ ಭಯ ನನಗೂ ಇತ್ತು. ಓಸ್ಲೋದಿಂದ ಫ್ರಾಂಕ್‌ಫರ್ಟ್ ಮೂಲಕ ಸಿಯಾಟಲ್‌ಗೆ ಹೋಗಿಬರುವ ಟಿಕೆಟ್ ಕೊಂಡು, ಮರಳುವಾಗ ಫ್ರಾಂಕ್‌ಫರ್ಟ್–ಓಸ್ಲೋ ಹಾರಾಟವನ್ನು ಕೈಬಿಟ್ಟು ಬೇರೆ ಟಿಕೆಟ್ಟಿನಲ್ಲಿ ಬರ್ಲಿನ್‌ಗೆ ಹೋದ ಪ್ರಯಾಣಿಕನಿಂದ ಜರ್ಮನಿಯ ವಿಮಾನ ಸಂಸ್ಥೆ ಲುಫ್ತಾನ್ಸಾ 2,112 ಯೂರೋ ಕೇಳಿ ಮೊಕದ್ದಮೆ ಹೂಡಿತ್ತು. ಬರ್ಲಿನ್‌ನ ನ್ಯಾಯಾಲಯವು 2018ರ ಡಿಸೆಂಬರಿನಲ್ಲಿ ಅದನ್ನು ವಜಾ ಮಾಡಿತು. ಹಾಗೆಂದು ನಿರಾಳವಾಗಿರುವಂತೆಯೂ ಇಲ್ಲ. ನಿಜವಾಗಿ ಹಾರಿದ ಪ್ರಯಾಣಕ್ಕೆ ದರವನ್ನು ಮರುಲೆಕ್ಕ ಹಾಕುವ, ಪದೇ ಪದೇ ಹಾರುವವರಿಗೆ ಅಂಕ ಕೂಡಿಸುವ ಮೈಲುಗಳ ಖಾತೆಯನ್ನು ಮುಚ್ಚುವ ಹಕ್ಕನ್ನು ಹಲವು ಸಂಸ್ಥೆಗಳು ತಮ್ಮ ಷರತ್ತುಗಳಲ್ಲಿ ಬರೆದುಕೊಂಡಿವೆ. ಬುಕಿಂಗ್ ಮಾಡುವಾಗ ನನ್ನ ಆ ಖಾತೆಯ ಸಂಖ್ಯೆಯನ್ನು ನಾನು ನಮೂದಿಸದಿದ್ದದ್ದು ಮರೆವಿನಿಂದಲ್ಲ. ಎಂದೋ ಒಮ್ಮೆ ಮಾಡುವವರನ್ನು ಹುಡುಕಿಕೊಂಡು ಬರುವುದು ಅಪರೂಪ. ಇದನ್ನೇ ರೂಢಿ ಮಾಡಿಕೊಂಡವರ ಮೇಲೆ ಕಣ್ಣು ಬೀಳುವುದು ಹೆಚ್ಚು.

ದರದ ವಿಷಯದಲ್ಲಿ ನನಗೆ ಅಳುಕಿಲ್ಲ. ಅರ್ಧ ಊಟ ಮಾಡಿದ್ದಕ್ಕೆ ಹೆಚ್ಚು ಹಣ ಕೇಳುವ ಹೋಟೆಲನ್ನು ನಾನು ಕಂಡಿಲ್ಲ. ಕಾಡಿದ್ದು ಆ ಖಾಲಿ ಸೀಟು. ಮೊದಲೇ ತಿಳಿಸಿದ್ದರೆ ಅದು ಬೇರೆಯವರಿಗೆ ಸಿಗುತ್ತಿತ್ತು, ವಿಮಾನ ನಿಲ್ದಾಣದ ತೆರಿಗೆಯ ಸ್ವಲ್ಪ ಹಣವೂ ನನಗೆ ಮರಳುತ್ತಿತ್ತೇನೋ. ಆದರೆ ತಿಳಿಸಿದರೆ ದರದ ಮರುಲೆಕ್ಕಕ್ಕೆ ನಾನೇ ದಾರಿ ಮಾಡಿಕೊಟ್ಟಂತೆ. ಮರುಪ್ರಯಾಣದ ಹಿಂದಿನ ದಿನ ಮೊಬೈಲಿಗೆ ಸಂದೇಶ ಬಂತು: ಚೆಕ್-ಇನ್ ಆರಂಭವಾಗಿದೆ, ಕಿಟಕಿ ಪಕ್ಕದ ಸೀಟು ಲಭ್ಯವಿದೆ. ಅದನ್ನು ಅಳಿಸಿದೆ. ಸಂಜೆ ಇನ್ನೊಂದು ಬಂತು.