ತಮ್ಮನ ಉದ್ರಿ ಪುಸ್ತಕ

ನನ್ನ ತಮ್ಮ ತೀರಿಹೋಗಿದ್ದು 2024ರ ಫೆಬ್ರವರಿಯಲ್ಲಿ. ಹೃದಯಾಘಾತ. ಅವನಿಗೆ 36 ವರ್ಷ. ಗಂಗಾವತಿಯಲ್ಲಿ ನಾವಿಬ್ಬರೂ ಸೇರಿ ಬೀಜ, ಗೊಬ್ಬರದ ಅಂಗಡಿ ನಡೆಸುತ್ತಿದ್ದೆವು. ನಾನು ಗಲ್ಲಾ ನೋಡಿಕೊಳ್ಳುತ್ತಿದ್ದೆ, ಹೊರಗಿನದೆಲ್ಲ ಅವನದೇ. ಯಾರ ಗದ್ದೆಗೆ ಏನು ರೋಗ ಬಿದ್ದಿದೆ, ಯಾರಿಗೆ ಎಷ್ಟು ಉದ್ರಿ ಕೊಟ್ಟರೆ ಸುಗ್ಗಿಗೆ ವಾಪಸ್ ಬರುತ್ತದೆ, ಇದೆಲ್ಲ ಅವನ ತಲೆಯಲ್ಲಿ ಮತ್ತು ಅವನೇ ಬರೆದ ಒಂದು ಉದ್ದನೆಯ ಪುಸ್ತಕದಲ್ಲಿ ಇತ್ತು.

ನಮ್ಮ ಕಡೆ ಸಾವಿನ ಮನೆಯನ್ನು ಒಂಟಿಯಾಗಿ ಬಿಡುವುದಿಲ್ಲ. ರಾತ್ರಿಯಿಡೀ ಭಜನೆ ಮಾಡಿದರು, ಮರುದಿನ ಮಣ್ಣಿಗೆ ಇಡೀ ಓಣಿಯೇ ಬಂತು, ಆಮೇಲೆ ದಿನಕರ್ಮದವರೆಗೆ ಒಬ್ಬರಲ್ಲ ಒಬ್ಬರು ಮಾತಾಡಿಸಲು ಬರುತ್ತಲೇ ಇದ್ದರು, ಪಕ್ಕದ ಮನೆಯವರು ರೊಟ್ಟಿ ಬುಟ್ಟಿ ತಂದಿಡುತ್ತಿದ್ದರು. ಅವ್ವ ಅವನ ಚಿಕ್ಕಂದಿನದೆಲ್ಲ ಹಾಡಿ ಹಾಡಿ ಅತ್ತಳು. ಅವನ ಹೆಂಡತಿ ಅತ್ತಳು. ನನ್ನ ಹತ್ತಿರ ಬಂದವರು ಮಾತ್ರ ಹೆಗಲ ಮೇಲೆ ಕೈಯಿಟ್ಟು ಒಂದೇ ಮಾತು ಹೇಳಿದರು: "ನೀನ ಹಿರ್ಯಾವ, ನೀನ ಗಟ್ಟಿ ಇರಬೇಕಪಾ."

ಗಟ್ಟಿಯಾಗಿಯೇ ಇದ್ದೆ. ಹದಿಮೂರನೇ ದಿನಕ್ಕೆ ಅಂಗಡಿ ತೆಗೆದೆ. ಆದರೆ ಉದ್ರಿ ಪುಸ್ತಕ ಮುಟ್ಟಲಿಲ್ಲ, ಬಾಕಿ ಕೊಡಲು ಬಂದವರಿಗೂ "ಆಮೇಲೆ ನೋಡೋಣ" ಅಂದುಬಿಡುತ್ತಿದ್ದೆ. ಅವನು ಬಿದ್ದ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ನಿದ್ದೆ ಮೂರು ತಾಸು ಬಂದರೆ ಜಾಸ್ತಿ. ಇದೆಲ್ಲ ಕೆಲಸದ ಒತ್ತಡ ಅಂತಲೇ ನಂಬಿದ್ದೆ.

ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಮರುದಿನ ಬೆಳಿಗ್ಗೆ ಅಂಗಡಿ ಮುಂದೆ ರೈತರು ಸೇರಿದ್ದರು. ನಾಟಿ ಮಾಡಿದವರಿಗೆಲ್ಲ ನೀರಿನದೇ ಚಿಂತೆ, ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಾನು ಫೋನ್ ತೆಗೆದು ತಮ್ಮನ ನಂಬರ್ ಒತ್ತಿದೆ. ಯೋಚನೆ ಮಾಡಿ ಒತ್ತಿದ್ದಲ್ಲ, ಇಂಥ ಸುದ್ದಿ ಬಂದರೆ ಅವನಿಗೇ ಮೊದಲು ಹೇಳುವುದು ರೂಢಿ. ಸ್ವಿಚ್ ಆಫ್ ಅಂತ ದನಿ ಬಂತು. ಒಳಗೆ ಹೋಗಿ ಯೂರಿಯಾ ಚೀಲಗಳ ಹಿಂದೆ ಕೂತು ಅತ್ತೆ. ಆರು ತಿಂಗಳಾದ ಮೇಲೆ ಮೊದಲ ಸಲ. ನಿಲ್ಲಿಸಲು ಆಗಲಿಲ್ಲ.

ನನ್ನ ಹೆಂಡತಿ ಅವತ್ತು ರಾತ್ರಿ ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟಳು. ನಂಬರ್ 14416. ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಂದ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ, ಆಪ್ತಸಮಾಲೋಚಕಿ ಒಬ್ಬರ ಹತ್ತಿರ. ಜಿಲ್ಲೆಯಲ್ಲೇ ಮನಸ್ಸಿನ ಚಿಕಿತ್ಸೆ ಸಿಗುವ ಈ ಸೌಲಭ್ಯಕ್ಕೂ ನಮ್ಮ ಸೀಮೆಗೂ ಹಳೆಯ ನಂಟಿದೆ ಅಂತ ಆಮೇಲೆ ಗೊತ್ತಾಯಿತು. ಹಳ್ಳಿ ಆಸ್ಪತ್ರೆಗಳ ವೈದ್ಯರಿಗೆ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆಗೆ ಊರಲ್ಲೇ ಚಿಕಿತ್ಸೆ ಸಿಗುತ್ತದಾ ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಪ್ರಯೋಗ ಮಾಡಿ ನೋಡಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಗಿದ್ದು ಅದೇ ಮಾದರಿ ಇಟ್ಟುಕೊಂಡು. ನಮ್ಮಲ್ಲಿ ಹುಟ್ಟಿದ್ದು ನಮಗೇ ಗೊತ್ತಿಲ್ಲ, ಬೇಜಾರಾಗುತ್ತೆ ಅಲ್ವಾ?

ಮೊದಲ ದಿನ ಕೇಳಿದೆ, "ಮೇಡಂ, ನನಗೇನರ ಕಾಯಿಲಿ ಐತೇನ್ರಿ?" ದುಃಖ ಕಾಯಿಲೆ ಅಲ್ಲ ಅಂದರು. ಆದರೆ ಆರು ತಿಂಗಳು ದಾಟಿದ ಮೇಲೂ ಅದು ಕಡಿಮೆಯಾಗದೆ ದಿನದ ಬದುಕನ್ನೇ ಕಟ್ಟಿಹಾಕಿದರೆ ಅದಕ್ಕೆ ಬೇರೆ ಹೆಸರಿದೆ, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇದೆ, ನಿಮ್ಮದು ಅಲ್ಲಿಗೆ ಹೋಗದಂತೆ ನೋಡೋಣ ಅಂದರು. ಆಮೇಲೆ ಅವರು ಸಾವಿನ ಬಗ್ಗೆ ಕೇಳಲೇ ಇಲ್ಲ. "ನಿಮ್ಮ ತಮ್ಮ ಹೆಂಗಿದ್ರು, ಹೇಳ್ರಿ" ಅಂದರು. ಆರು ತಿಂಗಳಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಬಸ್ಸು ತಪ್ಪುವವರೆಗೆ ಮಾತಾಡಿದೆ.

ಮುಂದೊಂದು ದಿನ ಅವರು ಹೇಳಿದ ಮಾತು ನನಗೆ ಬಹಳ ಉಪಯೋಗವಾಯಿತು. 1999ರಲ್ಲಿ ಸ್ಟ್ರೋಬ ಮತ್ತು ಶುಟ್ ಅನ್ನುವ ಇಬ್ಬರು ಸಂಶೋಧಕರು ಹೇಳಿದ್ದಂತೆ. ಕಳೆದುಕೊಂಡವರು ಎರಡು ಕಡೆ ಓಡಾಡುತ್ತಾರೆ. ಒಂದು ಹೊತ್ತು ಹೋದವರ ನೆನಪಲ್ಲಿ, ಇನ್ನೊಂದು ಹೊತ್ತು ಅವರಿಲ್ಲದ ಹೊಸ ಬದುಕಿನ ಕೆಲಸದಲ್ಲಿ. ಎರಡೂ ಬೇಕು. ಒಂದೇ ಕಡೆ ಕೂತುಬಿಟ್ಟರೆ ಕಷ್ಟ. ನಾನು ಬರೀ ಕೆಲಸದಲ್ಲಿ ಕೂತಿದ್ದೆ. ಅವ್ವ ಬರೀ ಫೋಟೋ ಮುಂದೆ ಕೂತಿದ್ದಳು. ಒಂದೇ ಮನೆಯಲ್ಲಿದ್ದೂ ನಮ್ಮಿಬ್ಬರಿಗೆ ಮಾತೇ ಇರಲಿಲ್ಲ.

ಅವರು ಕೊಟ್ಟ ಕೆಲಸ ಇಷ್ಟೇ: ದಿನಾ ಹತ್ತು ನಿಮಿಷ ಆ ಪುಸ್ತಕ ತೆಗೆಯಿರಿ, ಒಬ್ಬರೇ ಬೇಡ, ಗಡಿಯಾರ ನೋಡಿ ಮುಚ್ಚಿ, ಆಮೇಲೆ ಬೇರೆ ಏನಾದರೂ ಮಾಡಿ. ಮೊದಲ ದಿನ ಅವನ ಅಕ್ಷರ ನೋಡಿ ಎರಡೇ ನಿಮಿಷಕ್ಕೆ ಮುಚ್ಚಿದೆ. ಒಂದು ವಾರಕ್ಕೆ ಒಂದು ಹಾಳೆ ಓದಲು ಬಂತು. ಅವ್ವನನ್ನೂ ಪಕ್ಕಕ್ಕೆ ಕೂರಿಸಿಕೊಂಡೆ. ಅವಳಿಗೆ ಓದಲು ಬರುವುದಿಲ್ಲ, ನಾನು ಹೆಸರು ಓದಿದರೆ ಆ ಮನೆಯವರ ಕಥೆ ಹೇಳುತ್ತಿದ್ದಳು. ಬಾಕಿ ಕೇಳಲು ಅವನು ಹೋಗುತ್ತಿದ್ದ ದಾರಿಯಲ್ಲೇ ಹೋಗಲು ಶುರು ಮಾಡಿದೆ. ಅವನು ಬಿದ್ದ ಜಾಗದಲ್ಲಿ ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತು ನಿಂತು ಬಂದೆ. ಸಮಾಧಾನವೇನೂ ಆಗಲಿಲ್ಲ, ಆದರೆ ಮರುದಿನದಿಂದ ಸುತ್ತು ಹಾಕುವುದು ನಿಂತಿತು.

ಸಾವಿನ ಮನೆಗೆ ಮಾತಾಡಿಸಲು ಹೋದಾಗ ದಯವಿಟ್ಟು ಅಣ್ಣ, ತಮ್ಮ, ಅಕ್ಕ, ತಂಗಿ ಅಂತ ಮೂಲೆಯಲ್ಲಿ ನಿಂತಿರುತ್ತಾರಲ್ಲ, ಅವರನ್ನೂ ಕೇಳಿ. ತಿಂಗಳಾದ ಮೇಲೆ ಇನ್ನೊಮ್ಮೆ ಹೋಗಿ.

ಪುಸ್ತಕದ ಕೊನೆಯ ಕಡೆ ಒಬ್ಬ ರೈತನ ಹೆಸರಿನ ಮುಂದೆ ಸಣ್ಣಗೆ ಬರೆದಿದ್ದ: "ಮಗಳ ಮದುವಿ ಐತಿ, ಈ ಸುಗ್ಗಿಗೆ ಕೇಳಬಾರದು." ನಾನು ಕೇಳಿರಲಿಲ್ಲ. ಹೋದ ವಾರ ಅವರೇ ಬಂದು ಪೂರ್ತಿ ಬಾಕಿ ಎಣಿಸಿ ಇಟ್ಟರು, ಮೊಮ್ಮಗನ ಹೆಸರಿಡುವುದಕ್ಕೆ ಕರೆದು ಹೋದರು. ತಮ್ಮನ ಅಕ್ಷರದ ಕೆಳಗೆ, ಅದೇ ಹಾಳೆಯಲ್ಲಿ, ನನ್ನ ಕೈಯಾರೆ ಜಮಾ ಬರೆದೆ.