ಮುಳುಗಿದ ಊರಿನ ವಂಶಾವಳಿ ಹುಡುಕಿಕೊಂಡು: ಕೆ.ಆರ್. ಪೇಟೆಯಿಂದ ಮೈಸೂರಿಗೆ ಒಂದು ದಾಖಲೆ ಪ್ರವಾಸ

ಕನ್ನಂಬಾಡಿ ಕಟ್ಟೆ (ಈಗಿನ ಕೆ.ಆರ್.ಎಸ್. ಅಣೆಕಟ್ಟು) ಕಟ್ಟಿದಾಗ ಊರು ಬಿಟ್ಟು ಬಂದವರ ಮನೆ ನಮ್ಮದು. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಇಂಥ ಮನೆಗಳು ತುಂಬಾ ಇವೆ. ‘ನಮ್ಮ ಹಳೇ ಊರು ಕಟ್ಟೆ ನೀರಲ್ಲಿದೆ’ ಅಂತ ಹಿರಿಯರು ಹೇಳುತ್ತಾರೆ. ಅದಕ್ಕಿಂತ ಹಿಂದಿನ ಕಥೆ ಕೇಳಿದರೆ ಮುತ್ತಜ್ಜನ ಹೆಸರಿಗೇ ನಿಂತುಹೋಗುತ್ತದೆ. ಊರೇ ಇಲ್ಲದ ಮೇಲೆ ಕಾಗದ ಎಲ್ಲಿರುತ್ತದೆ ಅಂತ ಎಷ್ಟೋ ಜನ ಕೈಬಿಟ್ಟಿದ್ದಾರೆ. ಆದರೆ ಕಾಗದ ಇದೆ. ಮೂರು ನಾಲ್ಕು ಕಡೆ ಹಂಚಿಹೋಗಿದೆ, ಅಷ್ಟೆ. ಅದೇ ದಾರಿಯಲ್ಲಿ ಹೋಗಬೇಕು ಅಂದುಕೊಂಡವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೊದಲು ಮನೆಯಲ್ಲೇ ಒಂದಷ್ಟು ಕೆಲಸ ಇದೆ. ಮನೆಯ ಹಿರಿಯ ಹೆಂಗಸರ ಹತ್ತಿರ ಕೂತು ಮಾತಾಡಿ. ನಮ್ಮ ಸೋದರತ್ತೆಗೆ ಜಮೀನಿನ ಲೆಕ್ಕ ಒಂದೂ ಗೊತ್ತಿರಲಿಲ್ಲ. ಆದರೆ ಮನೆದೇವರು ಯಾವುದು, ಯಾವ ಊರಿನಿಂದ ಹೆಣ್ಣು ತಂದರು, ಯಾರ ಮನೆಗೆ ಕೊಟ್ಟರು, ಸೂತಕ ಯಾರ್ಯಾರಿಗೆ ತಾಗುತ್ತದೆ ಎಲ್ಲವೂ ನಾಲಿಗೆ ತುದಿಯಲ್ಲಿತ್ತು. ಸೂತಕದ ಪಟ್ಟಿ ಅಂದರೆ ದಾಯಾದಿಗಳ ಪಟ್ಟಿಯೇ ಅಲ್ವಾ! ಮುಂದೆ ಕಚೇರಿಯ ಪುಸ್ತಕದಲ್ಲಿ ಒಂದೇ ಹೆಸರಿನ ನಾಲ್ಕು ಜನ ಎದುರಾದಾಗ ನಮ್ಮವರು ಯಾರು ಅಂತ ತೀರ್ಮಾನ ಮಾಡಲು ಕೆಲಸಕ್ಕೆ ಬಂದದ್ದು ಇದೇ ಪಟ್ಟಿ. ಮನೆಮನೆಗೆ ಬಂದು ವಂಶದ ಕಥೆ ಹೇಳುವ ಹೆಳವರು ನಿಮ್ಮ ಮನೆಗೆ ಈಗಲೂ ಬರುತ್ತಿದ್ದರೆ ಅವರು ಹೇಳುವ ವಂಶಾವಳಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಾಳು ಕೊಟ್ಟು ಸುಮ್ನೆ ಕಳಿಸಿಬಿಡಬೇಡಿ.

ಆಮೇಲೆ ಈಗಿನ ಪಹಣಿ ತೆಗೆಸಿ. ಹೆಚ್ಚಿನವರು 9ನೇ ಕಲಂನ ಮಾಲೀಕರ ಹೆಸರು ನೋಡಿ ಮಡಚಿಡುತ್ತಾರೆ. ನಮಗೆ ಬೇಕಾದದ್ದು 10ನೇ ಕಲಂ. ಜಮೀನು ಹೇಗೆ ಬಂತು ಅನ್ನುವುದು ಅಲ್ಲಿ ಇರುತ್ತದೆ, ಜೊತೆಗೆ ಎಂ.ಆರ್. ನಂಬರ್. ಆ ನಂಬರ್ ಹಿಡಿದು ಖಾತೆ ಬದಲಾವಣೆ ಬರೆಯುವ ಮ್ಯುಟೇಶನ್ ಪುಸ್ತಕ ತೆಗೆಸಿದರೆ ಹಿಂದಿನ ತಲೆಮಾರು ಸಿಗುತ್ತದೆ. ‘ಖಾತೆದಾರರು ಪೌತಿ’ (ತೀರಿಕೊಂಡರು) ಅಂತ ಬರೆದು ಕೆಳಗೆ ಮಕ್ಕಳ ಹೆಸರು ಹಾಕಿರುತ್ತಾರೆ. 2000ದ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಬಂತು. ಅದಕ್ಕೂ ಹಿಂದಿನದು ಕೈಬರಹದ್ದು. ಅದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲೇ ಸಿಗಬೇಕು.

ಮೈಸೂರಿನಿಂದ ಕೆ.ಆರ್. ಪೇಟೆ ಸುಮಾರು 60 ಕಿ.ಮೀ. ಬಸ್ಸಿಗೆ ಕೊರತೆ ಇಲ್ಲ. ಬೆಂಗಳೂರಿನವರು ನಾಗಮಂಗಲದ ಮೇಲೆ ಬರಬಹುದು. ಎರಡನೇ ಮತ್ತು ನಾಲ್ಕನೇ ಶನಿವಾರ ಕಚೇರಿ ರಜೆ, ಅದನ್ನು ನೋಡಿಕೊಂಡು ಹೊರಡಿ. ಸೋಮವಾರ ಜನಜಂಗುಳಿ ಜಾಸ್ತಿ. ಮಂಗಳವಾರ ಅಥವಾ ಬುಧವಾರ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋದರೆ ಸಮಾಧಾನವಾಗಿ ಮಾತಾಡುವವರು ಸಿಗುತ್ತಾರೆ. ರೆಕಾರ್ಡ್ ರೂಮುಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಿಂದ ನಡೆಯುತ್ತಿದೆ. ನಿಮ್ಮ ಊರಿನದು ಆಗಿದೆಯಾ ಅಂತ ಮೊದಲೇ ವಿಚಾರಿಸಿದರೆ ಅರ್ಧ ಶ್ರಮ ಉಳಿಯುತ್ತದೆ.

ಒಳಗೆ ಹೋದ ಕೂಡಲೇ ನಾನು ಮುತ್ತಜ್ಜನ ಹೆಸರು ಹೇಳಿದೆ. ಅಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, ‘ಹೆಸರಿಡ್ಕೊಂಡು ಹುಡುಕಕ್ಕಾಗಲ್ಲ ಕಣಪ್ಪ. ಆ ಹೆಸ್ರಲ್ಲಿ ಊರಿಗೆ ಹತ್ತು ಜನ ಇರ್ತಾರೆ. ಸರ್ವೆ ನಂಬರ್ ತಗೊಂಬಾ, ಅದು ಎಲ್ಲೂ ಓಡೋಗಲ್ಲ’ ಅಂದರು. ಈ ಇಡೀ ಬರಹದಲ್ಲಿ ನೆನಪಿಡಬೇಕಾದದ್ದು ಅವರ ಆ ಮಾತೇ. ಹೆಸರು ತಲೆಮಾರಿಗೊಮ್ಮೆ ಮರಳಿ ಬರುತ್ತದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ. ಬರೆಯುವವರು ಒಂದು ಕಡೆ ‘ಗೌಡ’ ಸೇರಿಸುತ್ತಾರೆ, ಇನ್ನೊಂದು ಕಡೆ ಬಿಡುತ್ತಾರೆ. ಸರ್ವೆ ನಂಬರ್ ಹಾಗಲ್ಲ. ಪೋಡಿಯಾಗಿ, ಅಂದರೆ ಜಮೀನು ಭಾಗವಾಗಿ, 42 ಹೋಗಿ 42/1, 42/2 ಆಗಬಹುದು, ಆದರೆ 42 ಅನ್ನುವುದು ಅಳಿಯುವುದಿಲ್ಲ.

ಹಳೇ ಮೈಸೂರಿನಲ್ಲಿ ಎಲ್ಲರೂ ‘ಐ.ಎಲ್., ಆರ್.ಆರ್.’ ಅನ್ನುವ ಎರಡು ಪುಸ್ತಕಗಳಿವೆ. ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್. ಮೈಸೂರು ಸಂಸ್ಥಾನದಲ್ಲಿ 1927ರಲ್ಲಿ ಇದಕ್ಕೆ ಕಾನೂನು ಬಂತು. ಐ.ಎಲ್. ಪುಸ್ತಕದಲ್ಲಿ ಸರ್ವೆ ನಂಬರ್ ಎದುರು ಆರ್.ಆರ್. ನಂಬರ್ ಇರುತ್ತದೆ. ಆ ನಂಬರಿನ ಪುಟಕ್ಕೆ ಹೋದರೆ ಯಾರ ಜಮೀನು, ಅವರಿಗೆ ಹೇಗೆ ಬಂತು, ಸಾಲ ಇದೆಯಾ, ಮೈನರ್ ಆದರೆ ಗಾರ್ಡಿಯನ್ ಯಾರು ಅನ್ನುವುದೆಲ್ಲ ಒಂದೇ ಕಡೆ. ವಂಶ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕ ತಾಲ್ಲೂಕು ಕಚೇರಿಯಲ್ಲಿ ಇನ್ನೊಂದಿಲ್ಲ. ನನಗೆ ಒಂದು ಪುಸ್ತಕ ಮಾತ್ರ ನೋಡಲು ಬಿಡುತ್ತೇವೆ ಅಂದರೆ ಆರ್.ಆರ್. ಕೇಳುತ್ತೇನೆ.

ನಮ್ಮ ಈಗಿನ ಊರಿನ ಆರ್.ಆರ್. ಪುಟ ಹೀಗಿತ್ತು. ಅಂಚು ಕಂದಿ ಪುಡಿಯಾಗುತ್ತಿದ್ದ ದಪ್ಪ ಕಾಗದ. ನೀಲಿ ಕಪ್ಪು ಶಾಯಿ. ಅಂಕಿಗಳೆಲ್ಲ ಕನ್ನಡದವು, ವಿಸ್ತೀರ್ಣ ಎಕರೆ ಗುಂಟೆಯಲ್ಲಿ, ಕಂದಾಯ ರೂಪಾಯಿ ಆಣೆ ಪೈನಲ್ಲಿ. ‘ಖುಷ್ಕಿ’ ಅಂತ ಬರೆದದ್ದು ಮಳೆಯಾಶ್ರಿತ ಹೊಲ, ‘ತರಿ’ ಗದ್ದೆ, ‘ಬಾಗಾಯ್ತು’ ತೋಟ. ಮುತ್ತಜ್ಜನ ಹೆಸರಿನ ಪಕ್ಕ ‘ಬಿನ್’ ಹಾಕಿ ಅವರ ಅಪ್ಪನ ಹೆಸರು. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು ಅದು. ‘ಬಿನ್’ ಅಂದರೆ ಮಗ, ‘ಕೋಂ’ ಅಂದರೆ ಹೆಂಡತಿ. ಇವೆರಡು ಗೊತ್ತಿದ್ದರೆ ಈ ಪುಸ್ತಕಗಳು ಅರ್ಧ ಅರ್ಥವಾದ ಹಾಗೆ. ಕೊನೆಯ ಕಲಂನಲ್ಲಿ ಚಿಕ್ಕ ಅಕ್ಷರದಲ್ಲಿ ‘ದರಖಾಸ್ತು (ಸರ್ಕಾರ ಮಂಜೂರು ಮಾಡಿದ ಜಮೀನು), ಕನ್ನಂಬಾಡಿ ಮುಳುಗಡೆ’ ಅಂತ ಬರೆದು ಹಳೇ ಊರಿನ ಹೆಸರು ಹಾಕಿದ್ದರು. ನಾಲ್ಕು ತಲೆಮಾರಿನ ಮಾತಿಗೆ ಅಷ್ಟು ಚಿಕ್ಕ ಜಾಗದಲ್ಲಿ ಸಾಕ್ಷಿ ಸಿಕ್ಕಿತ್ತು.

ಹೆಂಗಸರ ಹೆಸರಿನ ಬಗ್ಗೆ ಇಲ್ಲೇ ಹೇಳಬೇಕು. ಜಮೀನಿನ ದಾಖಲೆಗಳಲ್ಲಿ ಗಂಡ ಬದುಕಿರುವ ತನಕ ಹೆಂಡತಿಯ ಹೆಸರು ಸಿಗುವುದು ಅಪರೂಪ. ಗಂಡ ಸತ್ತು ಮಕ್ಕಳು ಚಿಕ್ಕವರಾಗಿದ್ದರೆ ಆಗ ‘ಮೈನರ್ ಗಾರ್ಡಿಯನ್ ತಾಯಿ’ ಅಂತ ಹೆಸರು ಬರುತ್ತದೆ. ನಮ್ಮ ಮನೆಯ ಒಬ್ಬ ಹಿರಿಯಜ್ಜಿಯ ಹೆಸರು ನನಗೆ ಸಿಕ್ಕಿದ್ದು ಹಾಗೆ. ಗಂಡನ ಸಾವಿನಿಂದ ಮಾತ್ರ ಆಕೆ ಪುಸ್ತಕಕ್ಕೆ ಬಂದಳು ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ. ಹಾಗಾಗಿ ನೀವು ವಂಶವೃಕ್ಷ ಬರೆಯುವಾಗ ಗಂಡಸರ ಗೆರೆ ಎಳೆದು ನಿಲ್ಲಿಸಬೇಡಿ. ಮನೆಯ ಹಿರಿಯರಿಂದ ಕೇಳಿದ ಹೆಂಗಸರ ಹೆಸರು, ತವರಿನ ಊರು ಸೇರಿಸಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಳೇ ಪಾಲುಪಟ್ಟಿ, ದಾನಪತ್ರ, ಉಯಿಲು ಸಿಕ್ಕರೆ ಅಲ್ಲಿ ಇನ್ನಷ್ಟು ಹೆಸರು ಇರುತ್ತವೆ. ಅಲ್ಲಿ ಇಂಡೆಕ್ಸ್ 1 ಹೆಸರಿನ ಮೇಲೆ, ಇಂಡೆಕ್ಸ್ 2 ಆಸ್ತಿಯ ಮೇಲೆ. ನೀವು ಎರಡನೆಯದನ್ನು ಕೇಳಿ, ಕಾರಣ ಮೇಲೆ ಹೇಳಿದ್ದೇ.

ಹಳೇ ಊರು ಸಿಕ್ಕಿತು, ಆದರೆ ಅದು ನೀರಿನಲ್ಲಿ. ಈಗಿನ ಪಹಣಿಯಲ್ಲಿ ಅದಕ್ಕೆ ಪುಟವಿಲ್ಲ. ಇಲ್ಲಿಂದ ಮುಂದಿನದು ಮೈಸೂರಿನ ದಾರಿ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅದಕ್ಕೂ ಹಿಂದೆ ಈ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಯವು. ಮಂಡ್ಯ ಅಂತ ಹುಡುಕುತ್ತಾ ಕೂತರೆ ಹಳೆಯದು ಸಿಗುವುದಿಲ್ಲ. ಕೃಷ್ಣರಾಜಪೇಟೆಗೂ ಹಿಂದೆ ಅತ್ತಿಕುಪ್ಪೆ ಅಂತ ಹೆಸರು. ಪಾಂಡವಪುರದವರು ‘ಫ್ರೆಂಚ್ ರಾಕ್ಸ್’, ‘ಹಿರೋಡೆ’ ಎರಡನ್ನೂ ನೋಡಬೇಕು. ಯಾವ ಕಾಲದ ಕಾಗದ ಬೇಕೋ ಆ ಕಾಲದ ಹೆಸರಿನಲ್ಲೇ ಅರ್ಜಿ ಬರೆಯಿರಿ.

ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಕಾವೇರಿ ನೀರಿಗಾಗಿ ಮದ್ರಾಸಿನ ಜೊತೆಗಿನ ತಕರಾರು 1924ರ ಒಪ್ಪಂದಕ್ಕೆ ಬರುವವರೆಗೆ ಎಳೆಯಿತು, ಕಟ್ಟೆ ಎದ್ದು ನಿಂತದ್ದು 1930ರ ಆಸುಪಾಸಿಗೆ. ಈ ಇಪ್ಪತ್ತು ವರ್ಷ ನೆನಪಿಟ್ಟುಕೊಳ್ಳಿ. ಊರುಗಳು ಒಂದೇ ಸಲ ಖಾಲಿಯಾಗಲಿಲ್ಲ. ಸರ್ಕಾರ ಜಮೀನು ವಶಪಡಿಸಿಕೊಳ್ಳುವಾಗ ಮೈಸೂರು ಗೆಜೆಟ್ಟಿನಲ್ಲಿ ಪ್ರಕಟಣೆ ಕೊಡುತ್ತಿತ್ತು. ಆ ಗೆಜೆಟ್ 1866ರಿಂದ ಬರುತ್ತಿದೆ. ಪ್ರಕಟಣೆಯ ಪಟ್ಟಿಯಲ್ಲಿ ಊರು, ಸರ್ವೆ ನಂಬರ್, ಖಾತೆದಾರರ ಹೆಸರು, ವಿಸ್ತೀರ್ಣ. ಮುಳುಗಿದ ಊರಿನ ಮಟ್ಟಿಗೆ ಅದೇ ಪಹಣಿ ಅನ್ನಬಹುದು. ಆರ್.ಆರ್. ಪುಟದಲ್ಲಿ ‘ಬಿನ್’ ಆದಮೇಲೆ ಇದ್ದ ಆ ಗೊತ್ತಿಲ್ಲದ ಹೆಸರು ಇಲ್ಲಿ ಖಾತೆದಾರನಾಗಿ ಕಂಡಿತು, ಪಕ್ಕದಲ್ಲಿ ಹಳೇ ಊರಿನ ಸರ್ವೆ ನಂಬರ್. ಅಲ್ಲಿಗೆ ಎರಡು ಊರಿನ ಕೊಂಡಿ ಕೂಡಿತು.

ಗೆಜೆಟ್ ಮತ್ತು ಸಂಸ್ಥಾನದ ಕಾಲದ ಕಡತಗಳಿಗೆ ಮೈಸೂರಿನ ವಿಭಾಗೀಯ ಪತ್ರಾಗಾರ, ಬೆಂಗಳೂರಿನ ರಾಜ್ಯ ಪತ್ರಾಗಾರ ಎರಡನ್ನೂ ವಿಚಾರಿಸಿ. ಆಧಾರ್ ಪ್ರತಿ ಇಟ್ಟುಕೊಂಡಿರಿ. ಯಾಕೆ ನೋಡಬೇಕು ಅಂತ ಒಂದು ಅರ್ಜಿ ಬರೆದುಕೊಡಬೇಕಾಗುತ್ತದೆ. ಅರ್ಜಿಯಲ್ಲಿ ‘ವಂಶದ ಮಾಹಿತಿ’ ಅಂತ ಮಾತ್ರ ಬರೆದರೆ ಸಿಬ್ಬಂದಿಗೂ ದಾರಿ ತಿಳಿಯುವುದಿಲ್ಲ. ಊರು, ಹೋಬಳಿ, ತಾಲ್ಲೂಕು, ಅಂದಾಜು ವರ್ಷ, ಭೂಸ್ವಾಧೀನ ಅಂತ ನಿರ್ದಿಷ್ಟವಾಗಿ ಬರೆಯಿರಿ. ಪೆನ್ಸಿಲ್ ಇಟ್ಟುಕೊಳ್ಳಿ, ಹಳೇ ಕಾಗದದ ಪಕ್ಕ ಪೆನ್ನು ಬೇಡ. ಒಂದು ಭೂತಗನ್ನಡಿಯೂ ಇರಲಿ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ಸರ್ವೆ ಇಲಾಖೆಯ ಬಾಗಿಲು ತಟ್ಟಬೇಕು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಮೂಲ ಟಿಪ್ಪಣಿ (ಮೊದಲ ಅಳತೆಯ ಬರಹ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಗ್ರಾಮ ನಕ್ಷೆ ಅಲ್ಲಿ ಸಿಗುತ್ತವೆ. ನಿಮ್ಮ ಹಿರಿಯರು ಇನಾಂ ಜಮೀನು ಹೊಂದಿದ್ದರೆ ಇನಾಂ ರಿಜಿಸ್ಟರ್ ಕೇಳಿ. ಯಾರು ಕೊಟ್ಟರು, ಯಾವ ಸೇವೆಗೆ ಕೊಟ್ಟರು ಅನ್ನುವ ವಿವರ ಅದರಲ್ಲಿ ಬರುತ್ತದೆ. ಕಚೇರಿಯಲ್ಲಿ ‘ಹಳೇದು ಇಲ್ಲ’ ಅಂದರೆ ಜಗಳಕ್ಕೆ ನಿಲ್ಲಬೇಡಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕೊಟ್ಟು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಲಿಖಿತ ಉತ್ತರ ಬಂದರೆ ಮುಂದೆ ಎಲ್ಲಿಗೆ ಹೋಗಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

ಹಳೇ ಪತ್ರಗಳಲ್ಲಿ ಇಸವಿಯ ಬದಲು ಸಂವತ್ಸರ ಇರುತ್ತದೆ. ‘ಪ್ರಮೋದೂತ ಸಂವತ್ಸರದ ಶ್ರಾವಣ’ ಅಂದರೆ ಯಾವ ವರ್ಷ? ಪ್ರಭವ ಸಂವತ್ಸರ 1867, 1927, 1987ರ ಯುಗಾದಿಗೆ ಶುರುವಾಯಿತು ಅನ್ನುವುದನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿಂದ ಎಣಿಸಿದರೆ ಪ್ರಮೋದೂತ 1930 ಅಥವಾ 1870. ಅರವತ್ತು ವರ್ಷದ ವ್ಯತ್ಯಾಸ ಇರುವುದರಿಂದ ಯಾವುದು ಅನ್ನುವುದು ಪತ್ರದಲ್ಲಿರುವ ಜನರಿಂದ ಗೊತ್ತಾಗುತ್ತದೆ. ಮಾಘ, ಫಾಲ್ಗುಣದ ತಾರೀಖು ಆದರೆ ಇಸವಿ ಒಂದು ಮುಂದೆ ಹೋಗಬಹುದು.

ಜನನ ಮರಣದ ಪುಸ್ತಕದ ಮೇಲೆ ಜಾಸ್ತಿ ಭರವಸೆ ಬೇಡ. ನೋಂದಣಿ ಕಡ್ಡಾಯ ಮಾಡಿದ ಕಾಯ್ದೆ 1969ರದು. ಅದಕ್ಕಿಂತ ಶಾಲೆಯ ದಾಖಲಾತಿ ಪುಸ್ತಕ ಮೇಲು. ಊರಿನ ಹಳೇ ಪ್ರೈಮರಿ ಶಾಲೆಯಲ್ಲಿ ತಾತನ ಕಾಲದ್ದು ಸಿಕ್ಕರೂ ಸಿಗಬಹುದು.

ಮೈಸೂರಿನಲ್ಲಿದ್ದಾಗ ಮಾನಸಗಂಗೋತ್ರಿಗೂ ಹೋಗಿ ಬನ್ನಿ. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ 1977ರದು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ನಿಮ್ಮ ಊರಿನ ಶಾಸನ, ವೀರಗಲ್ಲು ಓದಿದರೆ ಊರು ಎಷ್ಟು ಹಳೆಯದು ಅಂತ ತಿಳಿಯುತ್ತದೆ. ಆದರೆ ವೀರಗಲ್ಲಿನ ಗೌಡನೇ ನಮ್ಮ ಮೂಲಪುರುಷ ಅಂತ ಗೆರೆ ಎಳೆಯಬೇಡಿ. ಮಧ್ಯೆ ನೂರಾರು ವರ್ಷದ ಹೆಸರು ಇಲ್ಲ. ಸಿಕ್ಕಿದ್ದು ಐದೇ ತಲೆಮಾರಾದರೂ ಅದು ಗಟ್ಟಿಯಾಗಿರಲಿ, ಪ್ರತಿ ಹೆಸರಿನ ಪಕ್ಕ ಯಾವ ಪುಸ್ತಕ, ಯಾವ ನಂಬರ್ ಅಂತ ಇರಲಿ.

ಕೊನೆಗೆ ಶಾನುಭೋಗರ ಮನೆಗಳ ವಿಷಯ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ ಹೋದವು. ಸರ್ಕಾರಕ್ಕೆ ಒಪ್ಪಿಸದೆ ಉಳಿದ ಎಷ್ಟೋ ಲೆಕ್ಕಪತ್ರ ಆ ಮನೆಗಳ ಅಟ್ಟದಲ್ಲಿವೆ. ಅದರಲ್ಲಿ ಕಪ್ಪು ಕಡತಗಳೂ ಇರಬಹುದು. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು ಒಣಗಿಸಿ ಮಡಿಕೆ ಮಾಡಿ ಬಳಪದಲ್ಲಿ ಬರೆದದ್ದು. ಅಕ್ಷರ ಕೂಡಿಸಿ ಬರೆದಿರುತ್ತಾರೆ, ಪದದ ನಡುವೆ ಜಾಗ ಇರುವುದಿಲ್ಲ. ಓದಿ ಹೇಳಲು ಹಸ್ತಪ್ರತಿ ಬಲ್ಲವರು ಬೇಕು. ಯಾರ ಮನೆಯಲ್ಲಾದರೂ ಕಂಡರೆ ದಯವಿಟ್ಟು ಧೂಳು ಒರೆಸಲು ಹೋಗಬೇಡಿ. ಬಳಪದ ಬರಹ ಬಟ್ಟೆ ತಾಗಿದರೂ ಅಳಿಸಿಹೋಗುತ್ತದೆ. ಮನೆಯವರ ಒಪ್ಪಿಗೆ ಕೇಳಿ, ಕಿಟಕಿಯ ಬೆಳಕಿನಲ್ಲಿ ಮಡಿಕೆ ಮಡಿಕೆಯಾಗಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಪತ್ರಾಗಾರಕ್ಕೋ ಕನ್ನಡ ಅಧ್ಯಯನ ಸಂಸ್ಥೆಯ ಹಸ್ತಪ್ರತಿ ವಿಭಾಗಕ್ಕೋ ತಿಳಿಸಿ. ನಿಮ್ಮ ಮನೆಯ ಹೆಸರು ಅದರಲ್ಲಿ ಇಲ್ಲದೆ ಹೋದರೂ ಊರಿನ ಬೇರೆಯವರದು ಇರುತ್ತದೆ.